ಅರವತ್ತನಾಲ್ಕನೆಯ ಇಂಜಿನ್

ನನ್ನ ಮೈದುನ ಮೂವತ್ತು ವರ್ಷ ಇಂಜಿನ್‌ಗಳನ್ನು ಬದುಕಿಸಿದ, ಎಂಟು ತಿಂಗಳು ಸಾಯಿಸಿದ. ಓಣಿಯವರಿಗೆ ನೆನಪಿರುವುದು ಆ ಎಂಟು ತಿಂಗಳು ಮಾತ್ರ. ಯಮಣ್ಣ ಎಂಬ ಹೆಸರು ಅವನಿಗೆ ಅಂಟಿಕೊಂಡದ್ದು ಆಗಲೇ.

ಹೊಗೆ ಕಾರುವ ಹಳೆಯ ಗಾಡಿ ಒಪ್ಪಿಸಿ ಬ್ಯಾಟರಿಯದ್ದೋ ಗ್ಯಾಸಿನದ್ದೋ ಕೊಳ್ಳುವವರಿಗೆ ಅರ್ಧ ಬೆಲೆ ತಾನು ಕೊಡುತ್ತೇನೆ ಎಂದು ಸರ್ಕಾರ ಹೇಳಿತ್ತು. ಒಂದೇ ಷರತ್ತು, ಹಳೆಯ ಇಂಜಿನ್ ಕಣ್ಣೆದುರೇ ಸಾಯಬೇಕು. ಸಾರಿಗೆ ಕಚೇರಿಯ ಹಿಂದಿನ ಅಂಗಳದಲ್ಲಿ ಆ ಕೆಲಸ ನನ್ನ ಮೈದುನನಿಗೆ ಸಿಕ್ಕಿತು. ಆಯಿಲ್ ಇಳಿಸಿ, ಅದರ ಜಾಗಕ್ಕೆ ಗಾಜುನೀರು ಸುರಿದು, ಇಂಜಿನ್ ಚಾಲೂ ಮಾಡಿ ಬಿಡಬೇಕು. ಕಾವಿಗೆ ನೀರು ಆರಿ ಒಳಗೆ ಗಾಜು ಉಳಿಯುತ್ತದೆ. ಇಂಜಿನ್ ಎರಡು ನಿಮಿಷ ಅರಚಿ, ಗಕ್ಕನೆ ಹಲ್ಲು ಕಚ್ಚಿಕೊಂಡು ನಿಂತುಬಿಡುತ್ತದೆ.

ಒಮ್ಮೆ ಬುತ್ತಿ ಕೊಡಲು ಹೋದಾಗ ನೋಡಿದ್ದೆ. ಹಾಸಿಗೆ ಹಿಡಿದವರ ಮಾತು ಕೇಳಿಸಿಕೊಳ್ಳುವವನ ಹಾಗೆ ತಲೆ ಬಾಗಿಸಿ ನಿಂತಿದ್ದ.

"ಏನಂತೋ ಅದು? ಆಸ್ತಿ ಯಾರ ಹೆಸರಿಗೆ ಬರೀತಂತೆ?" ಎಂದು ಛೇಡಿಸಿದೆ.

"ಒಂದೊಂದೂ ಒಂದೊಂದು ಥರ ಕೆಮ್ಮುತ್ತೆ ಅತ್ತಿಗೆ. ಒಂದರ ಹಾಗೆ ಇನ್ನೊಂದಿಲ್ಲ," ಎಂದ. ನಗಲಿಲ್ಲ.

ವ್ಯಾನಕ್ಕ ಬಂದ ದಿನ ಅವನ ಕೈಯಿಂದ ತಪ್ಪಾಯಿತು. ಅವಳು ನಮ್ಮ ಓಣಿಯ ಹನ್ನೊಂದು ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುತ್ತಿದ್ದವಳು. ಗಂಡ ಬಿಟ್ಟುಹೋದ ಮೇಲೆ ಅವಳಿಗೂ ಅವಳ ತಾಯಿಗೂ ಆ ವ್ಯಾನೇ ಗತಿ. ಮೊದಲು ಕಚೇರಿಯ ಮುದ್ರೆ ಬೀಳಬೇಕು, ಆಮೇಲೆ ಗಾಜುನೀರು. ಅದು ನಿಯಮ. ಅವತ್ತು ಮುದ್ರೆಯ ಸಾಲು ರಸ್ತೆಯವರೆಗೂ ಬೆಳೆದಿತ್ತು.

"ಅಣ್ಣ, ನಿನ್ನ ಕೆಲಸ ಮುಗಿಸಿಬಿಡು. ಮುದ್ರೆ ಆಮೇಲೆ ಹಾಕಿಸ್ಕೋತೀನಿ. ಮೂರಕ್ಕೆ ಮಕ್ಕಳು ಗೇಟಲ್ಲಿ ನಿಂತಿರ್ತಾವೆ, ಹೊಸ ಗಾಡಿ ಇವತ್ತೇ ಕೊಡ್ತಾರಂತೆ," ಎಂದು ದುಂಬಾಲು ಬಿದ್ದಳು. ಮುದ್ರೆ ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡು ಇವನು ಸುರಿದುಬಿಟ್ಟ.

ವ್ಯಾನ್ ನಿಂತು ಅರ್ಧ ಗಂಟೆಯೂ ಆಗಿರಲಿಲ್ಲ, ಗುಮಾಸ್ತ ಹೊರಗೆ ಬಂದು ಕಚೇರಿಯ ಕಿಟಕಿಗೆ ಒಂದು ಹಾಳೆ ಅಂಟಿಸಿದ. ಯೋಜನೆ ಇಂದಿನಿಂದ ರದ್ದು. ಮುದ್ರೆ ಬಿದ್ದವರಿಗೆ ಉಂಟು, ಬೀಳದವರಿಗೆ ಇಲ್ಲ.

"ಹಾಗಾದ್ರೆ ನನ್ನ ಹಳೇದೇ ನನಗೆ ಕೊಡಿ, ಸಾಕು," ಎಂದಳು ವ್ಯಾನಕ್ಕ.

"ತಗೊಂಡು ಹೋಗಮ್ಮ, ಯಾರು ಬೇಡ ಅಂದ್ರು?" ಎಂದ ಗುಮಾಸ್ತ.

ಹಗ್ಗ ಕಟ್ಟಿ ಎಳೆದು ತಂದು ನಮ್ಮ ಹಿತ್ತಲ ಶೆಡ್ಡಿನಲ್ಲಿ ನಿಲ್ಲಿಸಿದರು. "ಓಡೋ ಹಾಗೆ ಮಾಡಿ ಕೊಡ್ತೀನಿ, ನನ್ನ ಮೇಲೆ ಬಿಡು," ಎಂದು ನನ್ನ ಮೈದುನ ಅವಳಿಗೆ ಮಾತು ಕೊಟ್ಟ. ಗ್ಯಾರೇಜಿನವರು ಬಿದ್ದು ಬಿದ್ದು ನಕ್ಕರು. "ಕರ್ಕೊಂಡು ಹೋದ ಯಮನೇ ವಾಪಸ್ ತಂದು ಬಿಡ್ತಾನಂತೆ ಕಣ್ರೋ!"

ವ್ಯಾನಕ್ಕ ಮಕ್ಕಳನ್ನು ನಡೆಸಿಕೊಂಡೇ ಹೋಗತೊಡಗಿದಳು. ಮನೆಯವರು ಎಷ್ಟು ದಿನ ತಾಳುತ್ತಾರೆ? ಹನ್ನೊಂದು ಎಂಟಾಯಿತು, ಎಂಟು ಆರಾಯಿತು. ಇವನು ಶೆಡ್ಡಿನ ನೆಲಕ್ಕೆ ಗೋಣಿ ಹಾಸಿ, ಇಂಜಿನ್ ಬಿಚ್ಚಿ ಹರವಿಕೊಂಡು, ಗಾಜನ್ನು ಸೂಜಿಯಿಂದ ಕೆರೆದು ತೆಗೆಯುತ್ತಿದ್ದ.

ಒಂದು ಮಧ್ಯಾಹ್ನ ನಾನು ಬಟ್ಟೆ ಒಣಹಾಕುತ್ತಿದ್ದೆ. ಶಾಲೆಯ ಮೂರು ಗಂಟೆಯ ಬೆಲ್ ಕೇಳಿಸಿತು, ಅದರ ಬೆನ್ನಿಗೇ ಶೆಡ್ಡಿನೊಳಗೆ ಇಂಜಿನ್ ಗುರುಗುಟ್ಟಿತು. ಅಬ್ಬ, ಹತ್ತಿತಲ್ಲ ಎಂದು ಒದ್ದೆ ಕೈಯಲ್ಲೇ ಓಡಿದೆ. ಇಂಜಿನ್ ಗೋಣಿಯ ಮೇಲೆ ಚೂರು ಚೂರಾಗಿ ಬಿದ್ದಿತ್ತು. ಸದ್ದು ಮಾತ್ರ ನಡೆದೇ ಇತ್ತು. ಎರಡು ನಿಮಿಷ ಅರಚಿ, ಗಕ್ಕನೆ ನಿಂತಿತು.

ಮೈದುನ ನನ್ನ ಮುಖವನ್ನೇ ನೋಡುತ್ತಿದ್ದ. "ನಿಮಗೂ ಕೇಳಿಸ್ತಾ ಅತ್ತಿಗೆ? ಸದ್ಯ. ನನಗೇ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ."

"ಏನೋ ಅದು?"

"ಹಾಲಿನ ಲಾರಿ. ನಾನು ಸಾಯಿಸಿದ ಹದಿಮೂರನೇದು. ನಿನ್ನೆ ಮೇಷ್ಟ್ರ ಕಾರು ಬಂದಿತ್ತು. ಮೊದಲನೇ ದಿನ ಟ್ಯಾಕ್ಸಿ. ಸರದಿ ತಪ್ಪದೆ ದಿನಕ್ಕೊಂದು ಬರ್ತಿವೆ."

ಆ ಗಾಡಿಗಳನ್ನೆಲ್ಲ ಗುಜರಿಗೆ ಹಾಕಿ ಕರಗಿಸಿ ತಿಂಗಳುಗಳೇ ಆಗಿದ್ದವು. ನಾನು ಗೋಣಿಯಿಂದ ಎರಡು ಹೆಜ್ಜೆ ಹಿಂದೆ ಸರಿದೆ.

"ಒಟ್ಟು ಎಷ್ಟಪ್ಪ?"

"ವ್ಯಾನಿಗೆ ಮುಂಚೆ ಅರವತ್ತಮೂರು. ಅದರ ಸರದಿ ಬರೋದ್ರೊಳಗೆ ಅದು ತಾನಾಗೇ ಉಸಿರಾಡ್ಬೇಕು. ಇಲ್ಲಾಂದ್ರೆ ಅದೂ ಅವುಗಳ ಜೊತೆಗೇ ಸೇರ್ಕೊಳ್ಳುತ್ತೆ."

ಆಮೇಲೆ ಅವನು ಸರಿಯಾಗಿ ಕೂತು ಉಂಡದ್ದನ್ನು ನಾನು ಕಾಣೆ. ಮೂರಾಯಿತೆಂದರೆ ಕೈಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದ. ಸದ್ದು ಬರುತ್ತಿತ್ತು, ಹೋಗುತ್ತಿತ್ತು. ನಾನೂ ಸೆರಗು ಹೊದ್ದು ಬಾಗಿಲಲ್ಲಿ ನಿಲ್ಲುತ್ತಿದ್ದೆ, ಯಾಕೆಂದು ಕೇಳಿದರೆ ನನಗೇ ಗೊತ್ತಿಲ್ಲ.

ಅರವತ್ತಮೂರನೆಯದು ಕೇಳಿಸಿದ ದಿನ ಅವನು ಕೊನೆಯ ಬೋಲ್ಟ್ ಬಿಗಿದ. ಮರುದಿನ ಬೆಳಗಿನಿಂದ ಕೀಲಿ ತಿರುಗಿಸಿದ್ದೇ ತಿರುಗಿಸಿದ್ದು. ಹೊಸ ಬ್ಯಾಟರಿ ಹಾಕಿದ. ಟಿಕ್ ಎನ್ನುವುದು ಬಿಟ್ಟರೆ ಅದು ಬಾಯಿ ಬಿಡಲಿಲ್ಲ.

ಮೂರಕ್ಕೆ ಸ್ವಲ್ಪ ಮುಂಚೆ ವ್ಯಾನಕ್ಕ ಬಂದಳು. "ಬಿಡಣ್ಣ, ಸಾಕು. ಉಳಿದಿರೋ ನಾಲ್ಕು ಮಕ್ಕಳ ಮನೆಯವರೂ ನಾಳೆಯಿಂದ ಬೇಡ ಅಂದ್ರು. ನೀನಾದ್ರೂ ಮಲಗಿ ನಿದ್ದೆ ಮಾಡು," ಎಂದಳು.

ಅಷ್ಟರಲ್ಲಿ ಶಾಲೆಯ ಬೆಲ್ ಹೊಡೆಯಿತು. ಸದ್ದು ಎದ್ದಿತು.

"ಅಯ್ಯೋ, ಹತ್ತಿತಲ್ಲಣ್ಣ! ನಂದೇ, ನನ್ನ ವ್ಯಾನೇ!" ಎಂದು ಅವಳು ಓಡಿ ಸೀಟು ಹತ್ತಿದಳು.

ಬಾನೆಟ್ ತೆರೆದೇ ಇತ್ತು. ನಾನೂ ಮೈದುನನೂ ಇಣುಕಿದೆವು. ಫ್ಯಾನ್ ತಿರುಗುತ್ತಿರಲಿಲ್ಲ, ಬೆಲ್ಟ್ ಅಲುಗುತ್ತಿರಲಿಲ್ಲ. ಕೈ ಇಟ್ಟರೆ ಕಲ್ಲಿನಂತೆ ತಣ್ಣಗಿತ್ತು. ಕೀಲಿ ಅವನ ಮುಷ್ಟಿಯಲ್ಲೇ ಇತ್ತು. ಎರಡು ನಿಮಿಷವಾಯಿತು, ಮೂರಾಯಿತು, ಸದ್ದು ನಿಲ್ಲಲಿಲ್ಲ. ಅವನು ಬಾನೆಟ್ಟನ್ನು ಮೆಲ್ಲಗೆ ಮುಚ್ಚಿದ, ಕಿಟಕಿಯಿಂದ ಕೀಲಿ ಅವಳ ಕೈಗಿತ್ತ.

"ಹೊರಡು. ಮಕ್ಕಳು ಕಾಯ್ತಿರ್ತಾವೆ."

ಅವಳು ಗೇರ್ ಹಾಕಿದಳು. ವ್ಯಾನ್ ಹೊರಟೇಹೋಯಿತು.

ತಿಂಗಳಾದ ಮೇಲೆ ಬಂದಳು. ಒಂಬತ್ತು ಮಕ್ಕಳು ಮರಳಿದ್ದರು. "ಏನ್ ಮಾಡಿದ್ದೀಯಣ್ಣ? ಡೀಸೆಲ್ ಮುಳ್ಳು ಇಳಿದೇ ಇಲ್ಲ. ಹೊಗೇನೂ ಇಲ್ಲ. ಸರ್ಕಾರದವರ ಹೊಸ ಗಾಡಿ ಇದರ ಮುಂದೆ ಏನೂ ಅಲ್ಲ. ಒಂದ್ಸಲ ಬಾನೆಟ್ ತೆಗೆದು ತೋರಿಸು."

ಅವನು ಬಾನೆಟ್ಟಿನ ಮೇಲೆ ಅಂಗೈ ಊರಿದ. "ಬೇಡ. ಸದ್ದು ಹೇಗಿದೆ?"

"ಮೆತ್ತಗಿದೆ. ಪಕ್ಕದಲ್ಲಿ ಯಾರೋ ಮಲಗಿ ಉಸಿರಾಡ್ತಿರೋ ಹಾಗೆ."

ಅವನು ಒಳಗೆ ಹೋಗಿ ಒಂದು ಬೀಗ ತಂದು ಬಾನೆಟ್ಟಿಗೆ ಹಾಕಿದ, ಬೀಗದ ಕೈಯನ್ನು ನನಗೆ ಕೊಟ್ಟ. ಹೋದ ವರ್ಷ ತೀರಿಕೊಂಡ. ವ್ಯಾನ್ ಈಗಲೂ ಓಡುತ್ತಿದೆ. ಆ ಬೀಗದ ಕೈಯನ್ನು ವ್ಯಾನಕ್ಕ ಕೇಳಿಲ್ಲ, ನಾನೂ ಕೊಟ್ಟಿಲ್ಲ.