ಫ್ರಾನ್ಸಿಸ್ಕನ್ ಬಡಗಿ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ.

ಬಹರೈನಿನ ಸಲ್ಮಾಬಾದಿನಲ್ಲಿ ನಮ್ಮ ಕೋಣೆಯಲ್ಲಿದ್ದ ಬಡಗಿ, ಹಿಂದೆ ಫ್ರಾನ್ಸಿಸ್ಕನ್ ಕ್ರೈಸ್ತ ಸನ್ಯಾಸಿಗಳ ಮಠದಲ್ಲಿದ್ದವರು, ಎಲ್ಲರಿಗೂ ಬ್ರದರ್. ಮಠ ಬಿಟ್ಟರೂ ಅಲ್ಲಿನ ರೂಢಿ ಬಿಟ್ಟಿರಲಿಲ್ಲ. ಶುಕ್ರವಾರ ಊಟಕ್ಕೆ ಮುಂಚೆ ಎದ್ದು ನಿಂತು, ಎದೆ ತಟ್ಟಿಕೊಂಡು, ವಾರದ ತಪ್ಪುಗಳನ್ನು ನಮ್ಮೆದುರು ಒಪ್ಪಿಕೊಳ್ಳುತ್ತಿದ್ದರು.

"ತಪ್ಪು ಹೊರಗೆ ಹೋದ್ರೆ ಹೊಟ್ಟೇಲಿ ಜಾಗ ಆಗ್ತದೆ ಮಾರಾಯ್ರೆ!"

ಶುಕ್ರವಾರದ ಮೀನುಸಾರು ಅವರದೇ ಕೈಯದು, ಅವರ ಹೆಮ್ಮೆ. ಒಮ್ಮೆ ಅವರು ಸಾರು ಮಾಡಿಟ್ಟು ಇಗರ್ಜಿಗೆ ಪ್ರಾರ್ಥನೆಗೆಂದು ಹೋದಾಗ, ರುಚಿ ನೋಡದೆ ನಾನೂ ಉಪ್ಪು ಹಾಕಿಬಿಟ್ಟೆ.

"ಬ್ರದರ್, ಸಮುದ್ರವನ್ನೇ ಬಗ್ಗಿಸಿದ್ರಾ?" ಎಂದು ಎಲ್ಲರೂ ನಕ್ಕರು.

ಅವರು ಅಂದು ಎರಡನೆಯ ಸಲ ಎದ್ದು ನಿಂತರು. "ನನ್ನದೇ ತಪ್ಪು. ಮರೆತು ಎರಡು ಸಲ ಹಾಕಿರ್ಬೇಕು."

ಅಂದಿನಿಂದ ಸಾರಿನ ಸೌಟು ಅವರ ಕೈಯಿಂದ ನನ್ನ ಕೈಗೆ ಬಂತು. ಆಮೇಲೆ ಪ್ರತಿ ಶುಕ್ರವಾರ ಅವರು ನನ್ನ ಸಾರನ್ನು ಚಪ್ಪರಿಸಿ, "ನಿಮ್ಮ ಉಪ್ಪು ಹದ ಉಂಟು" ಎಂದು ಹೊಗಳುತ್ತಿದ್ದರು. ನಾನು ಬಾಯಿ ತುಂಬ ಅನ್ನ ಇಟ್ಟುಕೊಂಡು ತಲೆಯಾಡಿಸುತ್ತಿದ್ದೆ.

ಈಗ ನಾನೂ ಎದ್ದು ನಿಂತಿದ್ದೇನೆ. ಆ ಎರಡನೆಯ ಉಪ್ಪು ನನ್ನದು, ಬ್ರದರ್.