ಹೊಸ ವಾರ್ಡ್ ಎಂದು ನಾನಿಟ್ಟ ಹೆಸರು

2010ರಿಂದ 2016ರವರೆಗೆ ನಾನು ಯಲಹಂಕದಲ್ಲಿ, ಪುಟ್ಟೇನಹಳ್ಳಿ ಕೆರೆಯ ಕಡೆಗಿದ್ದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಎಂಬತ್ತೆರಡು ಕಂಪ್ಯೂಟರ್, ಹದಿನಾಲ್ಕು ಪ್ರಿಂಟರ್. ಇವು ಒಂದನ್ನೊಂದು ಹುಡುಕಿಕೊಳ್ಳುವಂತೆ ನೋಡಿಕೊಳ್ಳುವುದು ನನ್ನ ಕೆಲಸ.

ವಾರ್ಡಿನ ಪ್ರಿಂಟರ್ ಎಲ್ಲಿದೆಯೆಂದು ಲ್ಯಾಬಿನ ಕಂಪ್ಯೂಟರಿಗೆ ಗೊತ್ತಿರುವುದಿಲ್ಲ. ಅದು ನೇಮ್ ಸರ್ವರ್ ಎಂಬ ಯಂತ್ರಕ್ಕೆ ಒಂದು ಹೆಸರು ಹೇಳುತ್ತದೆ. ಸರ್ವರ್ ತನ್ನ ಪಟ್ಟಿ ನೋಡಿ ಆ ಹೆಸರಿನ ಮುಂದಿರುವ ಸಂಖ್ಯೆಯನ್ನು ಕೊಡುತ್ತದೆ. ರಿಪೋರ್ಟ್ ಆ ಸಂಖ್ಯೆಗೆ ಹೋಗುತ್ತದೆ. ಪಟ್ಟಿ ಬರೆಯುತ್ತಿದ್ದವನು ನಾನು.

ನಾನು ಸೇರಿದಾಗ ನೆಲಮಹಡಿಯಲ್ಲಿ ಒಂದು ವಾರ್ಡ್ ಆಗಷ್ಟೇ ಶುರುವಾಗಿತ್ತು. ಎಲ್ಲರೂ ಅದನ್ನು ಹೊಸ ವಾರ್ಡ್ ಎನ್ನುತ್ತಿದ್ದರು. ಅಲ್ಲಿನ ಪ್ರಿಂಟರಿಗೆ ನಾನೂ ‘ಹೊಸವಾರ್ಡ್’ ಎಂದೇ ಹೆಸರಿಟ್ಟೆ. ಅದುವರೆಗೆ ರಿಪೋರ್ಟುಗಳನ್ನು ಹಿಡಿದು ಓಡಾಡುತ್ತಿದ್ದ ಅಟೆಂಡರ್ ಮಂಜಣ್ಣನಿಗೆ ಆ ಕೆಲಸ ತಪ್ಪಿತು.

“ಏನ್ ಗುರು, ನಿನ್ ಪ್ರಿಂಟರ್ ಬಂದ್ಮೇಲೆ ಮಂಜಣ್ಣಂಗೆ ಹೊಟ್ಟೆ ಬಂತು ನೋಡು,” ಎಂದ ಲ್ಯಾಬ್ ಟೆಕ್ನಿಷಿಯನ್ ಗಿರೀಶ್.

“ನನ್ ಹೊಟ್ಟೆ ಇರ್ಲಿ ಕಣಪ್ಪ. ನಾನು ಕೊಟ್ರೆ ಕೈಗೇ ಕೊಡ್ತಿದ್ದೆ,” ಎಂದ ಮಂಜಣ್ಣ. ನಾವು ನಕ್ಕೆವು. ಅಪಾಯದ ಫಲಿತಾಂಶ ಬಂದರೆ ಲ್ಯಾಬಿನವರು ವಾರ್ಡಿಗೆ ಫೋನ್ ಮಾಡುವ ಪದ್ಧತಿಯೂ ಕ್ರಮೇಣ ನಿಂತಿತು.

2014ರ ಆಗಸ್ಟಿನಲ್ಲಿ ಮೂರನೇ ಮಹಡಿಯಲ್ಲಿ ಇನ್ನೊಂದು ವಾರ್ಡ್ ತೆರೆಯಿತು. ಕೆಳಗಿನ ರೋಗಿಗಳನ್ನೆಲ್ಲ ಅಲ್ಲಿಗೆ ಸಾಗಿಸಿ, ಬಣ್ಣ ಹೊಡೆಸಲೆಂದು ಕೆಳಗಿನದಕ್ಕೆ ಬೀಗ ಹಾಕಿದರು. ವಾರದೊಳಗೆ ಎಲ್ಲರ ಬಾಯಲ್ಲೂ ಮೇಲಿನದೇ ಹೊಸ ವಾರ್ಡ್ ಆಯಿತು. ಅಲ್ಲಿನ ಪ್ರಿಂಟರಿಗೆ ನಾನು ‘ಮೆಡ್-3’ ಎಂದು ಹೆಸರು ಕೊಟ್ಟೆ. ಹಳೆಯ ಹೆಸರನ್ನು ಅಳಿಸಲಿಲ್ಲ, ಕೆಳಗಿನ ಪ್ರಿಂಟರನ್ನು ಆಫ್ ಮಾಡಲೂ ಇಲ್ಲ. ಬಣ್ಣ ಮುಗಿದ ಮೇಲೆ ಬೇಕಾಗುತ್ತದೆ ಎಂದುಕೊಂಡಿದ್ದೆ. ಮೇಲಿನ ವಾರ್ಡಿಗೆ ‘ಮೆಡ್-3’ ಒತ್ತಬೇಕೆಂದು ಗಿರೀಶನಿಗೆ ಗೊತ್ತಿತ್ತು.

ಅದೇ ತಿಂಗಳ ಕೊನೆಯ ಗುರುವಾರ ಗಿರೀಶ್ ರಜೆಯಲ್ಲಿದ್ದ. ಬದಲಿಗೆ ಬಂದವರು ರಕ್ತದ ಚೀಟಿಯ ಮೇಲೆ ‘ಹೊಸ ವಾರ್ಡ್’ ಎಂದಿದ್ದುದನ್ನು ಓದಿ, ಪರದೆಯ ಮೇಲೆ ‘ಹೊಸವಾರ್ಡ್’ ಒತ್ತಿದರು. ಅವರದು ತಪ್ಪಲ್ಲ. ರೋಗಿ ರಾಜಾನುಕುಂಟೆಯ ಸಾವಿತ್ರಮ್ಮ, ನಲವತ್ತಾರು ವರ್ಷ, ಕಿಡ್ನಿ ತೊಂದರೆ. ರಕ್ತದಲ್ಲಿ ಪೊಟ್ಯಾಸಿಯಂ 7.4. ಆ ಮಟ್ಟದಲ್ಲಿ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು.

ಮಧ್ಯಾಹ್ನ ಎರಡೂವರೆಗೆ ಅವರ ತಂಗಿ ಲಕ್ಷ್ಮಮ್ಮ ನನ್ನ ಕೋಣೆಯ ಬಾಗಿಲಿಗೆ ಬಂದರು. “ಸಾ, ಲ್ಯಾಬ್ನೋರು ಕಳ್ಸಿದ್ದೀವಿ ಅಂತಾರೆ, ಸಿಸ್ಟರು ಬಂದಿಲ್ಲ ಅಂತಾರೆ. ಅಕ್ಕಂಗೆ ಎದೆ ಇಂಡ್ದಂಗೆ ಆಯ್ತಾ ಐತೆ. ಕಂಪ್ಯೂಟರ್ನೋರ್ನ ಕೇಳಿ ಅಂದ್ರು.”

ಪ್ರಿಂಟ್ ದಾಖಲೆ ತೆರೆದೆ. 1.52, ಸಾವಿತ್ರಮ್ಮ, ಹೊಸವಾರ್ಡ್, ಯಶಸ್ವಿ. ಪ್ರಿಂಟರಿನ ಹೆಸರನ್ನಷ್ಟೇ ನಾನು ಓದಿದೆ. ಅಷ್ಟರಲ್ಲಿ ನನ್ನ ತಲೆಯಲ್ಲೂ ಹೊಸ ವಾರ್ಡ್ ಎಂದರೆ ಮೇಲಿನದೇ ಆಗಿತ್ತು.

“ಹೋಗಿದೆಯಮ್ಮ. ವಾರ್ಡಲ್ಲೇ ಇರುತ್ತೆ, ಸರಿಯಾಗಿ ಹುಡುಕೋಕೆ ಹೇಳಿ,” ಎಂದೆ.

ಮೂರು ಗಂಟೆ ಹತ್ತು ನಿಮಿಷಕ್ಕೆ ಸಾವಿತ್ರಮ್ಮ ತೀರಿಕೊಂಡರು. ಸುದ್ದಿ ತಿಳಿದ ಮೇಲೆ ದಾಖಲೆಯನ್ನು ಮತ್ತೆ ತೆರೆದೆ. ಈ ಸಲ ಹೆಸರಿನ ಮುಂದಿದ್ದ ಸಂಖ್ಯೆಯನ್ನು ಓದಿದೆ. ಅದು ನೆಲಮಹಡಿಯದು.

ಸೆಕ್ಯೂರಿಟಿಯವರಿಂದ ಬೀಗದಕೈ ಪಡೆದು ಇಳಿದು ಹೋದೆ. ಮಂಚಗಳಿಗೆ ಪ್ಲಾಸ್ಟಿಕ್ ಹೊದಿಸಿತ್ತು. ಪ್ರಿಂಟರಿನ ಹಸಿರು ದೀಪ ಉರಿಯುತ್ತಿತ್ತು. ಟ್ರೇಯಲ್ಲಿ ಒಂದೇ ಹಾಳೆ, ಅದರ ಮೇಲೆ ತೆಳುವಾಗಿ ಗೋಡೆಯ ಪುಡಿ. 7.4ರ ಪಕ್ಕದಲ್ಲಿ ‘ತುರ್ತು’ ಎಂದು ಅಚ್ಚಾಗಿತ್ತು. ಮೇಲೆ ಹೋಗಿ ವಾರ್ಡಿನ ಡಾಕ್ಟರಿಗೆ ಕೊಟ್ಟೆ. ಅವರು ಹಾಳೆಯಿಂದ ತಲೆ ಎತ್ತಲಿಲ್ಲ. “ಎರಡೂವರೆಗೆ ಸಿಕ್ಕಿದ್ರೂ ಇಂಜೆಕ್ಷನ್ ಕೊಟ್ಟು ನೋಡ್ಬಹುದಿತ್ತು ಕಣ್ರೀ,” ಎಂದರು.

ಲಕ್ಷ್ಮಮ್ಮ ಹೊರಗೆ ಬೆಂಚಿನ ಮೇಲಿದ್ದರು. ಹಾಳೆ ಸಿಕ್ಕ ಜಾಗವನ್ನು ಅವರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡು ನಿಂತಿದ್ದೆ.

“ಓಗೈತೆ ಅಂದ್ರಲ್ಲ ಸಾ ನೀವು,” ಎಂದರು. “ಎಲ್ಲಿಗೆ ಅಂತ ನಾನೂ ಕೇಳ್ನಿಲ್ಲ.”

ಆ ಹೆಸರನ್ನು ಪಟ್ಟಿಯಿಂದ ಅಳಿಸಲು ಹತ್ತು ಸೆಕೆಂಡು ಸಾಕಾಯಿತು. ಕಂಪ್ಯೂಟರ್ ಹೆಸರಿಗೆ ಸಂಖ್ಯೆ ಹುಡುಕುತ್ತದೆ. ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಅದು ನೋಡುವುದಿಲ್ಲ. ಎಲ್ಲಿಗೆ ಎಂದು ಕೇಳುವುದೇ ನನ್ನ ಉದ್ಯೋಗವಾಗಿತ್ತು. ಕೇಳದೆ ಉಳಿದ ತಪ್ಪನ್ನು ಲಕ್ಷ್ಮಮ್ಮ ತಮ್ಮದೆಂದು ಊರಿಗೆ ಹೊತ್ತುಕೊಂಡು ಹೋದರು. ಅದು ನಿಮ್ಮದಲ್ಲ ಎಂದು ನಾನು ಆಗ ಹೇಳಲಿಲ್ಲ.