ಎಷ್ಟು ಮೆಟ್ಟಿಲು?

ನಮ್ಮ ತಾತ ಬದುಕಿದ್ದಾಗ, ಗೃಹಪ್ರವೇಶಕ್ಕೆ ಹಸು ಬೇಕೆಂದು ಯಾರೇ ಬಂದರೂ ಮೂರು ಮಾತು ಕೇಳುತ್ತಿದ್ದರು. ಮನೆ ಎಲ್ಲಿ, ಮುಹೂರ್ತ ಎಷ್ಟು ಹೊತ್ತಿಗೆ, ಎಷ್ಟು ಮೆಟ್ಟಿಲು. ನಾಲ್ಕೈದು ಮೆಟ್ಟಿಲಿಗಿಂತ ಹೆಚ್ಚಿದ್ದರೆ, "ಗೇಟ್ ಹತ್ರಾನೇ ಪೂಜೆ ಮಾಡ್ಕೊಳ್ಳಿ ಸ್ವಾಮಿ, ನಮ್ಮ ಹಸು ಹತ್ತಲ್ಲ" ಎಂದುಬಿಡುತ್ತಿದ್ದರು. ಹತ್ತಲ್ಲ ಅನ್ನುವುದು ಸುಳ್ಳು. ಹಸು ಮೆಟ್ಟಿಲು ಹತ್ತುತ್ತದೆ, ಇಳಿಯಲು ಮಾತ್ರ ಅದಕ್ಕೆ ಬರುವುದಿಲ್ಲ. ಹಸು ಕಟ್ಟಿದ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನನಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ.

ನಮ್ಮದು ಸಾರಕ್ಕಿಯ ಹಳೇ ಊರಿನ ಮನೆ. ಮುಂದೆ ರಸ್ತೆ, ಹಿಂದೆ ಕೊಟ್ಟಿಗೆ, ನಡುವೆ ಹದಿನಾಲ್ಕು ಜನ. ಎಂಟು ಹಸು. ಅಪ್ಪ ಬೆಳಗಿನ ಹಾಲು ಹಾಕಲು ಸ್ಕೂಟರಿನಲ್ಲಿ ಹೋಗುತ್ತಿದ್ದರು, ಚಿಕ್ಕಪ್ಪ ಗೂಡ್ಸ್ ಆಟೋದಲ್ಲಿ ಮೇವು ತರುತ್ತಿದ್ದರು, ಚಿಕ್ಕಮ್ಮ ಹಾಲು ಕರೆಯುತ್ತಿದ್ದರು, ಅಮ್ಮ ಒಲೆ ಬಿಟ್ಟು ಏಳುತ್ತಲೇ ಇರಲಿಲ್ಲ, ಅಜ್ಜಿ ಎಲ್ಲರನ್ನೂ ಬೈಯುತ್ತಿದ್ದರು. ತಾತ ಹೋದ ಮೇಲೆ ಪುರೋಹಿತರೆಲ್ಲ ವಾಟ್ಸಾಪಿನಲ್ಲೇ ಹಸು ಬೇಕೆಂದು ಹೇಳತೊಡಗಿದ್ದರಿಂದ ಆ ಕೆಲಸ ನನ್ನ ಫೋನಿಗೆ ಬಂತು. ಆಗ ನನಗೆ ಇಪ್ಪತ್ತು. ಕಾಲೇಜಿಗೂ ಹೋಗುತ್ತೇನೆ, ಮನೆಯ ವ್ಯವಹಾರವನ್ನೂ ನೋಡುತ್ತೇನೆ ಎಂದು ತಲೆ ಸ್ವಲ್ಪ ತಿರುಗಿತ್ತು.

ಅತ್ತೆಯ ವಿಷಯ ಹೇಳಬೇಕು. ಅಪ್ಪನ ತಂಗಿ. ಗಂಡನ ಮನೆಯಲ್ಲಿ ಏಗಲಾರದೆ ವಾಪಸು ಬಂದವಳು. ಬಂದಾಗ ಅವಳ ಹಿಂದೆ ಟೆಂಪೋದಲ್ಲಿ ಇನ್ನೂ ಕರು ಹಾಕದ ಒಂದು ಕೆಂಪು ಪಡ್ಡೆ ಹಸು ಬಂದಿತ್ತು, ಇನ್ನೇನೂ ಇರಲಿಲ್ಲ. ನಮ್ಮ ಮನೆಯಲ್ಲಿ ಉಳಿದ ಹೆಂಗಸರ ಪರವಾಗಿ ಮಾತಾಡಲು ಗಂಡನೋ ಮಗನೋ ಇದ್ದರು. ಅತ್ತೆಗೆ ಆ ಹಸು ಇತ್ತು. ಅದರ ಹಾಲು ಅವಳದು, ಅದಕ್ಕೆ ಮೇವು ಅವಳದು. ಮೊದಲನೇ ಸೂಲಿನಲ್ಲಿ ಗಂಡು ಕರು ಹುಟ್ಟಿತ್ತು. ಎರಡನೇ ಸಲ ಗಬ್ಬವಾದಾಗ ಅಜ್ಜಿ ಎಲ್ಲರೆದುರಿಗೆ, "ಈ ಸಲ ಹೆಣ್ಣಾದ್ರೆ ಕೊಟ್ಟಿಗೆ ಬಲಗಡೆ ಅರ್ಧ ನಿಂದೇ ಕಣೇ, ಯಾರೂ ಕೇಳಂಗಿಲ್ಲ" ಎಂದಿದ್ದರು. ಅಂದಿನಿಂದ ಅತ್ತೆ ಆ ಹಸುವಿನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಓಡಾಡುತ್ತಿದ್ದಳು ಎನ್ನಬಹುದು. "ಒದೀತಾ ಇದೆ ನೋಡೇ" ಎಂದು ನನ್ನ ಕೈ ಹಿಡಿದು ಅಲ್ಲಿ ಒತ್ತುತ್ತಿದ್ದಳು.

ಆವತ್ತು ಜೆ.ಪಿ. ನಗರದ ಕಡೆ ಒಂದು ಗೃಹಪ್ರವೇಶ. ಬೆಳಗಿನ ಐದೂವರೆಗೆ ಮುಹೂರ್ತ. ನಾವು ಯಾವಾಗಲೂ ಕಳಿಸುತ್ತಿದ್ದ ಬಿಳಿ ಹಸು ಅದೇ ಬೆಳಿಗ್ಗೆ ಬೆದೆಗೆ ಬಂದು ಗೂಟ ಕೀಳುವ ಹಾಗೆ ಅರಚುತ್ತಿತ್ತು. ಅದನ್ನು ಜನರ ನಡುವೆ ಕರೆದೊಯ್ಯುವ ಹಾಗಿಲ್ಲ. ಉಳಿದವು ಒಂದೋ ಹಾಯುತ್ತವೆ, ಇಲ್ಲ ರಸ್ತೆ ಕಂಡರೆ ಬೆದರುತ್ತವೆ. ಪುರೋಹಿತರು ಎರಡು ಸಲ ಫೋನ್ ಮಾಡಿದರು. ಸಾಧುವಾಗಿ ನಿಂತಿದ್ದದ್ದು ಅತ್ತೆಯ ಕೆಂಪು ಹಸು ಒಂದೇ. ಎಂಟು ತಿಂಗಳ ಗಬ್ಬ. ಆರು ತಿಂಗಳಾದ ಮೇಲೆ ಯಾವ ಹಸುವನ್ನೂ ಕಳಿಸಬಾರದೆನ್ನುವುದು ನಮ್ಮ ಮನೆಯ ಕಟ್ಟುಪಾಡು. ಆದರೆ ಅತ್ತೆಯೇ ದಿನಾ ಸಂಜೆ ಅದನ್ನು ಕೆರೆಯ ತನಕ ನಡೆಸುತ್ತಾಳಲ್ಲ, ಇದೂ ಅಷ್ಟೇ ದೂರ, ಹೋಗಿ ಬಂದರೆ ಮುಗಿಯಿತು ಎಂದುಕೊಂಡೆ. ಅತ್ತೆ ಚಿಕ್ಕಪ್ಪನ ಜೊತೆ ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿಗೆ ಮೇವಿಗೆಂದು ಹೂಕೋಸಿನ ಎಲೆ ತರಲು ಹೋಗಿದ್ದಳು.

ಹಾಲು ಕರೆಯುತ್ತಿದ್ದ ಚಿಕ್ಕಮ್ಮ ತಲೆಯೆತ್ತಿ, "ಏಯ್, ಅತ್ತೇನ ಕೇಳಿದ್ಯಾ?" ಎಂದರು.

"ಕೇಳಿದೀನಿ ಬಿಡಿ ಚಿಕ್ಕಮ್ಮ" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಫೋನ್ ಮಾಡಿದ್ದರೆ ಬೇಡ ಅನ್ನುತ್ತಾಳೆಂದು ಗೊತ್ತಿತ್ತು, ಅದಕ್ಕೇ ಮಾಡಲಿಲ್ಲ.

ವಿಳಾಸ ಹುಡುಕಿಕೊಂಡು ಹೋಗಿ ಗೇಟಿನೆದುರು ನಿಂತು ತಲೆಯೆತ್ತಿ ನೋಡಿದೆ. ನಾಲ್ಕು ಮಹಡಿಯ ಹೊಸ ಕಟ್ಟಡ. ವಿಳಾಸ ಕೇಳಿದ್ದೆ, ಹೊತ್ತು ಕೇಳಿದ್ದೆ. ಮೂರನೆಯದನ್ನು ಕೇಳಿರಲಿಲ್ಲ. ಮನೆ ಎರಡನೇ ಮಹಡಿಯಲ್ಲಿತ್ತು. ಇನ್ನೂ ಪಾಲಿಶ್ ಮಾಸದ ಗ್ರಾನೈಟ್ ಮೆಟ್ಟಿಲು.

"ಇಲ್ಲೇ ಕೆಳಗೆ ಪೂಜೆ ಮಾಡ್ಕೊಳ್ಳಿ ಅಂಕಲ್, ಇದು ಗಬ್ಬದ ಹಸು" ಎಂದೆ.

ಮನೆಯ ಯಜಮಾನರು ರಿಟೈರ್ ಆದವರು, ಒಳ್ಳೆಯವರೇ. ಅವರ ಮುಖ ಸಪ್ಪಗಾಯಿತು. ಪುರೋಹಿತರು, "ತುಂಬಿದ ಹಸು ಅಂದ್ರೆ ಇನ್ನೂ ಶ್ರೇಷ್ಠ ಕಣಮ್ಮ. ಹೊಸಿಲು ದಾಟಿಸ್ಬೇಕು. ಇನ್ನು ಹತ್ತು ನಿಮಿಷ ಇದೆ, ಬೇಗ ಹತ್ತಿಸು" ಎಂದರು. ರೇಷ್ಮೆ ಸೀರೆ ಉಟ್ಟ ಹತ್ತಾರು ಜನ ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದರು. ತಾತನಾಗಿದ್ದರೆ ಹಗ್ಗ ತಿರುಗಿಸಿಕೊಂಡು ಹೊರಟೇ ಹೋಗುತ್ತಿದ್ದರು. ನನಗೆ ಅಷ್ಟು ಗಟ್ಟಿತನ ಇರಲಿಲ್ಲ. ಹಸು ನನ್ನ ಹಿಂದೆ ಮನೆಗೇ ಹೋಗುತ್ತಿರುವ ಹಾಗೆ ಟಕ್ ಟಕ್ ಅಂತ ಹತ್ತಿಬಿಟ್ಟಿತು.

ಮೇಲೆ ಎಲ್ಲ ಚೆನ್ನಾಗಿಯೇ ಆಯಿತು. ಅರಿಶಿನ ಕುಂಕುಮ ಹಚ್ಚಿದರು, ಬಾಳೆಹಣ್ಣು ತಿನ್ನಿಸಿದರು. ನಡುಮನೆಯಲ್ಲಿ ಅದು ಸೆಗಣಿ ಹಾಕಿದಾಗ ಎಲ್ಲರೂ ಮಹಾಲಕ್ಷ್ಮಿಯೇ ಬಂದಳೆಂದು ಕೈ ಮುಗಿದರು, ಸೆಲ್ಫಿ ತೆಗೆದುಕೊಂಡರು. ನಾನು ಮಾತ್ರ ಬಾಗಿಲಿನಾಚೆ ಕಾಣುತ್ತಿದ್ದ ಮೆಟ್ಟಿಲನ್ನೇ ನೋಡುತ್ತಿದ್ದೆ.

ಇಳಿಸಲು ಹೋದಾಗ ಹಸು ಮೊದಲನೇ ಮೆಟ್ಟಿಲ ಅಂಚಿಗೆ ಬಂದು ಕೆಳಗೆ ನೋಡಿತು. ಮೂಗಿನಲ್ಲಿ ಬುಸ್ ಎಂದು, ಮುಂಗಾಲು ಎರಡನ್ನೂ ಊರಿ ನಿಂತುಬಿಟ್ಟಿತು. ಪುಸಲಾಯಿಸಿದೆ, ಬಾಳೆಹಣ್ಣು ತೋರಿಸಿದೆ. ಊಹೂಂ. ಅದರ ತೊಡೆ ಗಡಗಡ ನಡುಗುತ್ತಿತ್ತು. ಅರ್ಧ ಗಂಟೆಯಾಯಿತು. ತಿಂಡಿಗೆ ಬಂದವರು ಹತ್ತಲಾರದೆ ಕೆಳಗೆ, ಇಳಿಯಲಾರದೆ ಮೇಲೆ ನಿಂತರು. ಸೆಕ್ಯುರಿಟಿಯವನು, "ಹಿಂದಿಂದ ಒಂದ್ ತಳ್ಳು ತಳ್ಳಿದ್ರೆ ತಾನೇ ಹೋಗುತ್ತೆ ಸಾರ್" ಎಂದು ತೋಳು ಮಡಿಸಿದ. ಇನ್ಯಾರೋ ಬಾಲ ತಿರುಚಲು ಕೈ ಹಾಕಿದರು.

"ಮುಟ್ಟಿದ್ರೆ ನೋಡಿ! ಹೊಟ್ಟೇಲಿ ಕರು ಇದೆ! ಬಿದ್ರೆ ಎರಡು ಜೀವ ಹೋಗುತ್ತೆ, ನೀವು ತಂದ್ಕೊಡ್ತೀರಾ?" ಎಂದು ಕಿರುಚಿದೆ. ಅಷ್ಟು ಹೊತ್ತು ತಾಯಿ, ಲಕ್ಷ್ಮಿ ಎನ್ನುತ್ತಿದ್ದವರೆಲ್ಲ ಗಡಿಯಾರ ನೋಡಿಕೊಳ್ಳತೊಡಗಿದ್ದರು. ಯಜಮಾನರು ಮಾತ್ರ ನನ್ನ ಪಕ್ಕದಲ್ಲಿ ನಿಂತು, "ತಪ್ಪಾಯ್ತು ಕಣಮ್ಮ, ನನ್ನಿಂದ ತಪ್ಪಾಯ್ತು" ಎನ್ನುತ್ತಿದ್ದರು. ಅವರದೇನು ತಪ್ಪು, ಅವರು ಹಸು ಸಾಕಿದವರೇ? ಕೊನೆಗೆ ಮನೆಗೆ ಫೋನ್ ಮಾಡಿದೆ.

ಇಪ್ಪತ್ತು ನಿಮಿಷದಲ್ಲಿ ನಮ್ಮ ಮನೆ ಪೂರ್ತಿ ಬಂತು. ಗೂಡ್ಸ್ ಆಟೋದಲ್ಲಿ ಹೂಕೋಸಿನ ಎಲೆಯ ಮೇಲೆ ಅಜ್ಜಿ, ಅತ್ತೆ, ಚಿಕ್ಕಮ್ಮ, ಹಿಂದೆ ಸ್ಕೂಟರಿನಲ್ಲಿ ಅಪ್ಪ. ಬಂದವರಿಗೆ ತಲೆಗೊಂದು ಉಪಾಯ. ಚಿಕ್ಕಪ್ಪ ಕ್ರೇನ್ ತರಿಸೋಣ ಎಂದರು. ಚಿಕ್ಕಮ್ಮ ಡಾಕ್ಟರ ಹತ್ತಿರ ಮಂಪರು ಬರುವ ಇಂಜೆಕ್ಷನ್ ಹಾಕಿಸೋಣ ಎಂದರು. ಅಜ್ಜಿ ಕೆಳಗಿನಿಂದಲೇ ನನ್ನ ಏಳು ತಲೆಮಾರನ್ನು ಬೈಯುತ್ತಿದ್ದರು, ಅದರಲ್ಲಿ ತಮ್ಮದೂ ಸೇರಿದೆಯೆಂಬುದು ಅವರಿಗೆ ಹೊಳೆಯಲಿಲ್ಲ. ಅತ್ತೆ ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ ಬಂದು ಹಸುವಿನ ಹೊಟ್ಟೆಗೆ ಕಿವಿಯಿಟ್ಟಳು. ಆಮೇಲೆ ಅಲ್ಲಿಂದಲೇ ಹೇಳಿದಳು.

"ಅಣ್ಣ, ರಾಗಿ ಹುಲ್ಲು, ಗೋಣಿಚೀಲ ಎಲ್ಲ ತನ್ನಿ. ಗೋಣಿ ನೆನೆಸಿ ಹಾಸಿ, ಮೇಲೆ ಹುಲ್ಲು. ಹಿಂದೆ ಎರಡು ಹಗ್ಗ ಹಿಡ್ಕೊಳ್ಳಿ. ಎಳೀಬೇಡಿ, ಜಾರಿದ್ರೆ ತಡೀರಿ ಅಷ್ಟೆ. ಮುಂದೆ ನಾನಿರ್ತೀನಿ."

"ಮುಂದೆ ನಿಂತ್ರೆ ನಿನ್ನ ಮೇಲೇ ಬೀಳುತ್ತೆ ಕಣೇ" ಎಂದರು ಅಪ್ಪ.

"ಬೀಳ್ಲಿ" ಎಂದಳು ಅತ್ತೆ.

ಮೆಟ್ಟಿಲಿಗೆಲ್ಲ ಗೋಣಿ ಹಾಸಿ ಹುಲ್ಲು ಹರವಿದೆವು. ಅತ್ತೆ ಹಿಮ್ಮುಖವಾಗಿ ಎರಡು ಮೆಟ್ಟಿಲು ಇಳಿದು ನಿಂತು, ಹಸುವಿನ ಗದ್ದವನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡಳು. ಏನು ಮಾತಾಡಿದಳೋ ನನಗೆ ಕೇಳಿಸಲಿಲ್ಲ. ತುಂಬ ಹೊತ್ತಿನ ಮೇಲೆ ಹಸು ಒಂದು ಕಾಲು ಮುಂದಿಟ್ಟಿತು. ಒಂದೊಂದು ಮೆಟ್ಟಿಲನ್ನೂ ನಾನು ಎಣಿಸುತ್ತಿದ್ದೆ. ಒಂದು ಮಹಡಿ ಇಳಿದಾಗ ಅತ್ತೆಯ ರವಿಕೆ ಬೆವರಿಗೆ, ಹಸುವಿನ ಜೊಲ್ಲಿಗೆ ಪೂರ್ತಿ ನೆನೆದಿತ್ತು.

ಕೊನೆಯ ಸಾಲಿನಲ್ಲಿ ಐದೋ ಆರೋ ಮೆಟ್ಟಿಲು ಉಳಿದಿದ್ದವು. ಬೆಳಕು ಕಂಡಿದ್ದಕ್ಕೋ ಏನೋ ಹಸು ಅವಸರ ಮಾಡಿತು. ಹಿಂಗಾಲಿನ ಕೆಳಗಿನ ಗೋಣಿ ಸರಿಯಿತು. ಅಪ್ಪ, ಚಿಕ್ಕಪ್ಪ ಹಗ್ಗಕ್ಕೆ ಜೋತುಬಿದ್ದರು. ಹಸು ಹೊಟ್ಟೆ ಊರಿಕೊಂಡು ಮೆಟ್ಟಿಲ ಅಂಚಿಗೆ ಧೊಪ್ಪನೆ ಕುಸಿದು ಎರಡು ಮೆಟ್ಟಿಲು ಜಾರಿತು. ಅತ್ತೆ ಗೋಡೆಗೂ ಅದರ ಕತ್ತಿಗೂ ನಡುವೆ ಸಿಕ್ಕಿಕೊಂಡಿದ್ದಳು, ಆದರೂ ಕೈ ಬಿಟ್ಟಿರಲಿಲ್ಲ. ಒಂದು ನಿಮಿಷದ ನಂತರ ಹಸು ತಾನೇ ಎದ್ದು, ಉಳಿದ ಮೆಟ್ಟಿಲು ಇಳಿದು, ಅಂಗಳದಲ್ಲಿ ಬಂದು ನಿಂತಿತು. ಮಂಡಿಯಲ್ಲಿ ರಕ್ತ.

ಅಪ್ಪ ಹಗ್ಗ ಬಿಸಾಕಿ ನನ್ನ ಕಡೆ ಬಂದರು. "ಯಾರನ್ನ ಕೇಳಿ ಹೊಡ್ಕೊಂಡ್ ಬಂದೆ?" ಎಂದು ಅಷ್ಟು ಜನರೆದುರು ಕೈ ಎತ್ತಿದರು.

"ನಾನೇ ಕಳಿಸಿದ್ದು ಅಣ್ಣ" ಎಂದಳು ಅತ್ತೆ. ಹಸುವಿನ ಮಂಡಿ ಒರೆಸುತ್ತಿದ್ದವಳು ತಲೆ ಎತ್ತಲೂ ಇಲ್ಲ. "ಫೋನ್ ಮಾಡಿ ಕೇಳಿದ್ಲು. ಹೋಗ್ಲಿ ಅಂದೆ."

ಚಿಕ್ಕಮ್ಮ, "ಹೌದು, ಕೇಳಿದೀನಿ ಅಂದ್ಲು" ಎಂದು ಸೇರಿಸಿದರು. ಅಪ್ಪನ ಸಿಟ್ಟೆಲ್ಲ ಅತ್ತೆಯ ಮೇಲೆ ತಿರುಗಿತು. ಗಬ್ಬದ ಹಸುವನ್ನು ಕಳಿಸುವಷ್ಟು ಕೊಬ್ಬು ಬಂತಾ, ನಿನ್ನ ಹಸು ಅಂದ ಮಾತ್ರಕ್ಕೆ ನಿನ್ನಿಷ್ಟವಾ ಎಂದು ದಾರಿಯುದ್ದಕ್ಕೂ ಬೈದರು. ಹಗ್ಗ ಹಿಡಿದುಕೊಂಡು ಅವರ ಹಿಂದೆ ಕಳ್ಳಿಯ ಹಾಗೆ ನಡೆದೆ.

ಎಂಟು ದಿನ ಅತ್ತೆ ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಡಾಕ್ಟರು ಬಂದು ನೋಡಿ, ಕರು ಇನ್ನೂ ಆಡುತ್ತಿದೆ, ಕಾಯೋಣ ಎಂದಿದ್ದರು. ದಿನಕ್ಕೆ ಹತ್ತು ಸಲ ಹೋಗಿ, "ಒದೀತಾ ಅತ್ತೆ?" ಎಂದು ಕೇಳುತ್ತಿದ್ದೆ. ಆರು ದಿನ ಹೂಂ ಎಂದಳು. ಏಳನೇ ದಿನ ಹಸುವಿನ ಹೊಟ್ಟೆಗೆ ಮತ್ತೆ ಮತ್ತೆ ಕಿವಿಯಿಟ್ಟಳು. ಒಂಬತ್ತನೇ ದಿನ ಮಧ್ಯಾಹ್ನ ಹಸು ಕಂದು ಹಾಕಿತು. ಸತ್ತ ಕರು. ಹೆಣ್ಣು. ಕೆಂಪು ಮೈ, ಹಣೆಯಲ್ಲಿ ಬೆರಳಗಲ ಬಿಳುಪು. ಡಾಕ್ಟರು, ಜಾರಿದ್ದರಿಂದಲೇ ಹೀಗಾಯಿತು ಎಂದು ಹೇಳಲಾಗದು, ಬೇರೆ ಕಾರಣವೂ ಇರಬಹುದು ಎಂದರು. ಅವರ ಮಾತು ನಂಬಲು ನಾನು ಎಷ್ಟು ಆಸೆಪಟ್ಟೆನೋ! ಅಜ್ಜಿ ಬಾಗಿಲಲ್ಲಿ ನಿಂತು ಅತ್ತೆಗೆ, "ಕೈಯಾರೆ ಕಳ್ಕೊಂಡೆ. ನಿನ್ನ ಹಣೇಲಿ ಬರ್ದಿಲ್ಲ ಕಣೇ" ಎಂದು ಒಳಗೆ ಹೋದರು. ಬಲಗಡೆಯ ಅರ್ಧ ಕೊಟ್ಟಿಗೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮಾರನೇ ದಿನ ಬೆಳಿಗ್ಗೆ ಹಸುವಿನ ಕೆಚ್ಚಲು ಬಿಗಿದು ಕಲ್ಲಾಗಿತ್ತು. ಹಾಗೇ ಬಿಟ್ಟರೆ ಬಾವು. ಆದರೆ ಅದು ಕರು ನೆಕ್ಕದೆ ಹಾಲು ಇಳಿಸುವ ಹಸುವಲ್ಲ. ಚಿಕ್ಕಮ್ಮ ಕೂತರೆ ಒದೆಯಿತು, ಅತ್ತೆ ಕೂತರೆ ಒದೆಯಲಿಲ್ಲ, ಆದರೆ ಒಂದು ತೊಟ್ಟು ಬರಲಿಲ್ಲ. ಮೇವಿನ ಬದಿ ಕರು ಇರಬೇಕಾದ ಜಾಗವನ್ನು ಮೂಸಿ ಮೂಸಿ ಕೂಗುತ್ತಿತ್ತು.

ಚಿಕ್ಕಮ್ಮ ಒಳಗೆ ಹೋದ ಮೇಲೆ ನಾನು ಅತ್ತೆಯ ಹತ್ತಿರ ಹೋದೆ. "ಅತ್ತೆ, ಅಪ್ಪಂಗೆ, ಅಜ್ಜಿಗೆ ಎಲ್ಲಾ ಹೇಳ್ಬಿಡ್ತೀನಿ. ನನ್ ಕೈಲಿ ಆಗ್ತಿಲ್ಲ" ಎಂದು ಅಳತೊಡಗಿದೆ.

ಅವಳು ನನ್ನನ್ನು ನೋಡಿದಳು. ಕಣ್ಣಲ್ಲಿ ಸಿಟ್ಟಿತ್ತು, ನಾನು ಅದನ್ನು ಮುಚ್ಚಿಡುವುದಿಲ್ಲ. "ನಿಮ್ಮಪ್ಪ ಆ ಜನದೆದುರು ಹೊಡೀತಿದ್ದ, ಅದಕ್ಕೆ ಹೇಳ್ದೆ. ನಿನ್ನ ಮೇಲೆ ಕೋಪ ಇಲ್ಲ ಅಂತಲ್ಲ. ಈಗ ನೀನು ಹೇಳಿದ್ರೆ ನಿನ್ನ ಹೊಟ್ಟೆ ತಣ್ಣಗಾಗುತ್ತೆ. ನನ್ನ ಕರು ಬರುತ್ತಾ?"

ನಾನು ಬಿಕ್ಕುತ್ತಾ ನಿಂತಿದ್ದೆ. ಅವಳು ಬಕೆಟ್ಟಿನಿಂದ ಒಂದು ಹಿಡಿ ಬೂಸಾ, ಉಪ್ಪು ತೆಗೆದು ಕಲೆಸಿದಳು. ನನ್ನ ಎಡಗೈ ಎಳೆದುಕೊಂಡು ಮೊಣಕೈಯಿಂದ ಬೆರಳ ತನಕ ಸವರಿದಳು.

"ಬಾ. ಅದರ ಮುಂದೆ ಕರು ನಿಲ್ಲೋ ಜಾಗದಲ್ಲಿ ನಿಂತ್ಕೋ. ಅಲ್ಲಾಡ್ಬೇಡ."

ನಿಂತೆ. ಹಸು ಒಂದು ಸಲ ಮೂಸಿತು. ಆಮೇಲೆ ನೆಕ್ಕತೊಡಗಿತು. ಕಣ್ಣು ಅರ್ಧ ಮುಚ್ಚಿಕೊಂಡು, ಕರುವನ್ನು ಹೇಗೆ ನೆಕ್ಕುತ್ತಿತ್ತೋ ಹಾಗೇ, ಬೆರಳ ಸಂದಿಗಳನ್ನೂ ಬಿಡದೆ. ಅತ್ತೆಯ ಪಾತ್ರೆಯಲ್ಲಿ ಹಾಲು ಬೀಳುವ ಸದ್ದು ಕೇಳಿತು. ಅಂದಿನಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಅದು ಬತ್ತುವ ತನಕ ನಾನು ಅಲ್ಲಿ ನಿಂತೆ. ಹುಡುಗಿ ಅತ್ತೆಗೆ ಎಷ್ಟು ಸಹಾಯ ಮಾಡುತ್ತಾಳೆ ಎಂದು ಮನೆಯವರು ಹೊಗಳಿದರು, ಅತ್ತೆಯೂ ಹೂಂ ಎಂದಳು. ಹಸುವಿನ ನಾಲಿಗೆ ತುಂಬ ಒರಟು. ಹದಿನೈದು ದಿನಕ್ಕೆ ಎಡಗೈಯ ಚರ್ಮ ಸುಲಿದು ಉಪ್ಪು ತಾಗಿದರೆ ಉರಿಯುತ್ತಿತ್ತು. ನಾನು ಬಲಗೈ ಕೊಟ್ಟೆ.